ಒಬ್ಬ ನಂಬಿದ, ಇನ್ನೊಬ್ಬ ನಂಬಲಿಲ್ಲ: ವ್ಯತ್ಯಾಸ ಮಾಡಿದ್ದು ಯಾರು?

(ಇದು ಮಾತಾಡಿದ್ದು, ಆಮೇಲೆ ಕೂತು ಟೈಪ್ ಮಾಡಿದ್ದು. ಮಾತಿನ ಧಾಟಿ ತೆಗೆಯೋಕೆ ಹೋಗಿಲ್ಲ, ಅಲ್ಲಲ್ಲಿ ದಾರಿ ಬಿಟ್ಟು ಹೋಗಿದ್ದನ್ನೂ ಹಂಗೇ ಇಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಹಾಕ್ತಾ ಕೂತ್ರೆ ಟೈಮ್ ಸಾಕಾಗಲ್ಲ, ಅದಕ್ಕೆ ನೇರವಾಗಿ ಪ್ರಶ್ನೆಗೇ ಬರ್ತೀನಿ. ಇಬ್ಬರು ಚರ್ಚಲ್ಲಿ ಒಂದೇ ಬೆಂಚಲ್ಲಿ ಕೂತು ಒಂದೇ ಪ್ರಸಂಗ, ಅಂದ್ರೆ ಒಂದೇ ಉಪದೇಶ, ಕೇಳ್ತಾರೆ. ಇಬ್ಬರೂ ಹೆಚ್ಚುಕಮ್ಮಿ ಒಂದೇ ತರ ಬೆಳೆದವರು, ಒಂದೇ ತರದ ತಪ್ಪು ಮಾಡಿದವರು, ಬುದ್ಧೀಲೂ ಏನೂ ದೊಡ್ಡ ವ್ಯತ್ಯಾಸ ಇಲ್ಲ. ಪ್ರಸಂಗ ಮುಗಿಯೋ ಹೊತ್ತಿಗೆ ಒಬ್ಬ ನಂಬಿದಾನೆ, ಇನ್ನೊಬ್ಬ ಟೈಮ್ ನೋಡ್ಕೊಂಡು ಎದ್ದು ಹೋಗ್ತಾನೆ. ಯಾಕೆ?

ದೇವರೇ ಮೊದಲನೆಯವನ ಮನಸ್ಸು ತೆರೆದ ಅಂತ ನೀವು ಹೇಳಿದ್ರೆ, ಸರಿ, ಎರಡನೆಯವನದ್ದು ಯಾಕೆ ತೆರೀಲಿಲ್ಲ ಅಂತ ಕೇಳಬೇಕಾಗುತ್ತೆ, ಮತ್ತೆ ತೆರೀದೇ ಇದ್ದಿದ್ದಕ್ಕೆ ಅವನನ್ನೇ ಹೊಣೆ ಮಾಡೋದು ಯಾವ ನ್ಯಾಯ ಅಂತಾನೂ ಕೇಳಬೇಕಾಗುತ್ತೆ. ಇಲ್ಲ ಇಲ್ಲ, ಮೊದಲನೆಯವನು ತಾನೇ ಒಪ್ಕೊಂಡ ಅಂದ್ರೆ, ಅವನಲ್ಲಿ ಇನ್ನೊಬ್ಬನಿಗಿಂತ ಏನೋ ಒಂದು ಚೂರು ಒಳ್ಳೇದು ಇತ್ತು ಅಂತಾಯ್ತು, ಹಂಗಾದ್ರೆ ರಕ್ಷಣೆ, ಅಂದ್ರೆ ಪಾಪದಿಂದ ಬಿಡುಗಡೆ, ಪೂರ್ತಿ ಕೃಪೆಯಿಂದ ಅಂತ ಹಾಡೋದು ಯಾಕೆ, ಆ ಒಂದು ಚೂರಿಗಾದ್ರೂ ಅವನು ಎದೆ ಉಬ್ಬಿಸಬಹುದಲ್ಲ. ಹದಿನಾರು ಶತಮಾನದಿಂದ ಕ್ರೈಸ್ತ ಸಭೆ ಈ ಎರಡು ಉತ್ತರಗಳ ಮಧ್ಯೆ ಓಡಾಡ್ತಾ ಇದೆ, ನಾನು ಇವತ್ತು ಮಾಡೋದು ಇಷ್ಟೇ, ಒಬ್ಬೊಬ್ಬರ ಹತ್ರಾನೂ ಹೋಗಿ ಇದೇ ಪ್ರಶ್ನೆ ಕೇಳೋದು.

ಶುರು ಮಾಡೋಕೆ ಮುಂಚೆ ಎರಡು ತಪ್ಪು ಕಲ್ಪನೆ ಪಕ್ಕಕ್ಕೆ ಇಡೋಣ. ಒಂದು, ಇದು ಹಣೆಬರಹದ ವಿಷಯ ಅಲ್ಲ. ಯಾರಿಗೆ ಯಾವ ಕೆಲಸ ಸಿಗುತ್ತೆ, ಯಾರು ಯಾವಾಗ ಸಾಯ್ತಾರೆ ಅನ್ನೋದು ಇಲ್ಲಿ ಮುಖ್ಯ ಅಲ್ಲ, ದೇವರ ಕಡೆ ತಿರುಗೋದು ಹೆಂಗೆ ಆಗುತ್ತೆ ಅನ್ನೋದಷ್ಟೇ ಪ್ರಶ್ನೆ. ಎರಡು, ಪೂರ್ವನಿರ್ಧಾರ, ಅಂದ್ರೆ ಯಾರು ರಕ್ಷಣೆ ಹೊಂದಬೇಕು ಅಂತ ದೇವರೇ ಮೊದಲೇ ತೀರ್ಮಾನ ಮಾಡಿದಾನೆ ಅನ್ನೋದನ್ನ ನಂಬೋರೆಲ್ಲ ಮನುಷ್ಯನನ್ನ ಸೂತ್ರದ ಗೊಂಬೆ ಅಂತಾರೆ ಅನ್ನೋದು ಸುಳ್ಳು. ಆ ಕಡೆಯ ದೊಡ್ಡ ಹೆಸರು, 16ನೇ ಶತಮಾನದ ಜಿನೀವಾದ ಸುಧಾರಕ ಕಾಲ್ವಿನ್ ಕೂಡ ಮನುಷ್ಯನಿಗೆ ಇಚ್ಛೆ ಇಲ್ಲ ಅನ್ನಲಿಲ್ಲ. ಇಚ್ಛೆ ಇದೆ, ಅವನು ಬೇಕು ಅಂತಾನೇ ಮಾಡ್ತಾನೆ, ಆದ್ರೆ ಪಾಪಕ್ಕೆ ಒಳಗಾದ ಆ ಇಚ್ಛೆಗೆ ದೇವರು ಬೇಕು ಅಂತ ಅನ್ಸೋದೇ ಇಲ್ಲ, ಅಷ್ಟೇ ಅವನ ವಾದ. ಬಲವಂತಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಬೈಬಲ್ ತೆಗೆದ್ರೆ ಬಗೆಹರಿಯುತ್ತಲ್ಲ ಅಂತ ಕೆಲವರಿಗೆ ಅನ್ಸುತ್ತೆ. ತೆಗೀರಿ. ಲೋಕ ಹುಟ್ಟೋ ಮುಂಚೆನೇ ದೇವರು ನಮ್ಮನ್ನ ಆರಿಸಿಕೊಂಡ ಅಂತ ಎಫೆಸದವರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯದಲ್ಲಿದೆ. ತಂದೆ ಎಳೆಯದೇ ಇದ್ರೆ ಯಾರೂ ನನ್ನ ಹತ್ರ ಬರೋಕಾಗಲ್ಲ ಅಂತ ಯೇಸು ಹೇಳಿದ್ದು ಯೋಹಾನ 6ರಲ್ಲಿದೆ. ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯಕ್ಕೆ ಬಂದ್ರಂತೂ ಅವಳಿಗಳಾದ ಯಾಕೋಬ ಏಸಾವ ಇನ್ನೂ ಹುಟ್ಟಿರಲ್ಲ, ಒಳ್ಳೇದು ಕೆಟ್ಟದ್ದು ಏನೂ ಮಾಡಿರಲ್ಲ, ಆಗಲೇ ಆಯ್ಕೆ ಆಗಿಹೋಗಿರುತ್ತೆ, ಇದು ಅನ್ಯಾಯ ಅಲ್ವಾ ಅಂತ ಕೇಳೋನಿಗೆ ಪತ್ರ ಬರೆದ ಪೌಲ ಸಮಾಧಾನ ಹೇಳೋದು ಬಿಟ್ಟು, ಮಣ್ಣು ಕುಂಬಾರನನ್ನ ಪ್ರಶ್ನೆ ಮಾಡುತ್ತಾ ಅಂತ ತಿರುಗಿ ಗದರ್ತಾನೆ. ಇನ್ನೊಂದು ಕಡೆ, ಜೀವ ಮರಣ ಎರಡನ್ನೂ ನಿಮ್ಮ ಮುಂದೆ ಇಟ್ಟಿದೀನಿ, ಜೀವಾನೇ ಆರಿಸ್ಕೊಳ್ಳಿ ಅಂತ ಧರ್ಮೋಪದೇಶಕಾಂಡ 30. ಕೋಳಿ ಮರಿಗಳನ್ನ ಕೂಡಿಸೋ ಹಂಗೆ ನಿಮ್ಮನ್ನ ಕೂಡಿಸೋಕೆ ಎಷ್ಟೋ ಸಲ ನೋಡ್ದೆ, ನಿಮಗೇ ಇಷ್ಟ ಇರಲಿಲ್ಲ ಅಂತ ಯೆರೂಸಲೇಮಿನ ಮೇಲೆ ಯೇಸು ನೊಂದ್ಕೊಳ್ಳೋದು ಮತ್ತಾಯ 23. ಎಲ್ಲರೂ ರಕ್ಷಣೆ ಹೊಂದಬೇಕು ಅನ್ನೋದೇ ದೇವರ ಇಷ್ಟ ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರ.

ಇಸ್ರಾಯೇಲ್ಯರನ್ನ ಬಿಡಲ್ಲ ಅಂತ ಹಟ ಹಿಡಿದ ಐಗುಪ್ತದ (ಈಜಿಪ್ಟಿನ) ರಾಜ ಫರೋಹನ ಕತೆ ಸ್ವಲ್ಪ ಹತ್ರದಿಂದ ನೋಡೋಣ, ಎರಡೂ ಕಡೆಯವರು ಇದನ್ನೇ ಹಿಡ್ಕೊಂಡು ಜಗ್ಗಾಡ್ತಾರೆ. ವಿಮೋಚನಕಾಂಡದಲ್ಲಿ ಅವನ ಹೃದಯ ಕಠಿಣ ಆಯ್ತು ಅಂತ ಮತ್ತೆ ಮತ್ತೆ ಬರುತ್ತೆ, ಆದ್ರೆ ಕಠಿಣ ಮಾಡಿದ್ದು ಯಾರು ಅನ್ನೋದು ಜಾಗದಿಂದ ಜಾಗಕ್ಕೆ ಬದಲಾಗುತ್ತೆ. ಕಪ್ಪೆಗಳ ಕಾಟ ನಿಂತಾಗ ಅವನೇ ಕಠಿಣ ಮಾಡ್ಕೊಂಡ ಅಂತಿದೆ, ನೊಣಗಳ ಕಾಟ ಹೋದಾಗಲೂ ಹಂಗೇ. ಹುಣ್ಣುಗಳ ಹೊತ್ತಿಗೆ, ಅಂದ್ರೆ 9ನೇ ಅಧ್ಯಾಯದಲ್ಲಿ, ದೇವರೇ ಕಠಿಣ ಮಾಡಿದ ಅಂತ ಬರುತ್ತೆ. ಇಚ್ಛಾಸ್ವಾತಂತ್ರ್ಯದವರು ಹೇಳ್ತಾರೆ, ನೋಡಿ ಮೊದಲು ಅವನೇ ಹಟ ಹಿಡಿದ, ಆಮೇಲೆ ದೇವರು ಅವನ ಹಟಕ್ಕೇ ಅವನನ್ನ ಬಿಟ್ಟ. ಪೂರ್ವನಿರ್ಧಾರದ ಕಡೆಯವರು ಹಿಂದಕ್ಕೆ 4ನೇ ಅಧ್ಯಾಯಕ್ಕೆ ಹೋಗ್ತಾರೆ. ಮೋಶೆ ಇನ್ನೂ ಐಗುಪ್ತಕ್ಕೆ ವಾಪಸ್ ಕಾಲಿಟ್ಟಿಲ್ಲ, ಆಗಲೇ ದೇವರು ನಾನು ಅವನ ಹೃದಯ ಕಠಿಣ ಮಾಡ್ತೀನಿ ಅಂತಾನೆ, ಇದಕ್ಕೇನಂತೀರಿ? ಇಬ್ಬರೂ ತೋರಿಸ್ತಿರೋದು ಅದೇ ಪುಸ್ತಕ, ಇಬ್ಬರ ಕೈಲೂ ವಚನ ಇದೆ. ಅದಕ್ಕೇ ವಚನ ಎಣಿಸಿ ಗೆಲ್ತೀನಿ ಅನ್ನೋರನ್ನ ಕಂಡ್ರೆ ನಂಗೆ ಅಷ್ಟು ನಂಬಿಕೆ ಬರಲ್ಲ.

ಈಗ ಅಗಸ್ಟೀನ, ಸುಮಾರು 400ರ ಹೊತ್ತಿನ ಉತ್ತರ ಆಫ್ರಿಕಾದ ಬಿಷಪ್. ಇವನಿಲ್ಲದೆ ಈ ಚರ್ಚೆನೇ ಇಲ್ಲ. ತಮಾಷೆ ಅಂದ್ರೆ ಮೊದಮೊದಲು ಇವನೇ ಇಚ್ಛಾಸ್ವಾತಂತ್ರ್ಯದ ದೊಡ್ಡ ವಕೀಲ, ಯಾಕಂದ್ರೆ ಆಗ ಅವನ ಎದುರಾಳಿಗಳು ಮಾನಿಕೀಯರು, ಕೆಟ್ಟದ್ದೆಲ್ಲ ನಮ್ಮದಲ್ಲ, ಕತ್ತಲೆಯ ಶಕ್ತಿ ಮಾಡಿಸುತ್ತೆ ಅಂತ ಜಾರಿಕೊಳ್ತಿದ್ದವರು. ಆಮೇಲೆ 396ರ ಆಸುಪಾಸಲ್ಲಿ ಮಿಲಾನಿನ ಸಿಂಪ್ಲಿಕಿಯಾನ ಅನ್ನೋ ಹಿರಿಯರು ರೋಮಾ 9ರ ಬಗ್ಗೆ ಇವನನ್ನ ಕೇಳ್ತಾರೆ, ಉತ್ತರ ಬರೀತಾ ಬರೀತಾ ಅಗಸ್ಟೀನ ತಾನೇ ಬದಲಾಗಿಬಿಡ್ತಾನೆ. ಅವನಿಗೆ ಅಡ್ಡ ಬಂದಿದ್ದು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂದು ವಾಕ್ಯ: ನಿನಗೆ ಕೊಡದೇ ಇರೋದು ಅಂತ ನಿನ್ನ ಹತ್ರ ಏನಿದೆ? ನಂಬಿಕೆನೂ ಆ ಲಿಸ್ಟಲ್ಲಿ ಸೇರುತ್ತಾ? ಸೇರುತ್ತೆ ಅಂತಾದ್ರೆ ಮುಗೀತು. ವಯಸ್ಸಾದ ಮೇಲೆ ತನ್ನ ಪುಸ್ತಕಗಳನ್ನೆಲ್ಲ ತಿರುಗಿ ನೋಡ್ತಾ ಅವನೇ ಬರೀತಾನೆ, ಇಚ್ಛೆಯ ಪರವಾಗಿ ನಿಲ್ಲೋಕೆ ತುಂಬ ಒದ್ದಾಡಿದೆ, ಆದ್ರೆ ಗೆದ್ದಿದ್ದು ದೇವರ ಕೃಪೆ ಅಂತ. ಬೆಂಚಲ್ಲಿ ಕೂತ ಆ ಇಬ್ಬರ ಬಗ್ಗೆ ಅವನ ಉತ್ತರ ನೇರ: ವ್ಯತ್ಯಾಸ ಮಾಡಿದ್ದು ದೇವರು. ಇಬ್ಬರಿಗೂ ಸಲ್ಲಬೇಕಾದ್ದು ಶಿಕ್ಷೆನೇ, ಒಬ್ಬನಿಗೆ ಕರುಣೆ ಸಿಕ್ತು, ಇನ್ನೊಬ್ಬನಿಗೆ ನ್ಯಾಯ ಸಿಕ್ತು, ಅನ್ಯಾಯ ಅಂತೂ ಯಾರಿಗೂ ಆಗಿಲ್ಲ.

ಪೆಲಾಗಿಯ ಅನ್ನೋನು ಬರೋದು ಇಲ್ಲಿ. ಬ್ರಿಟನ್ ಕಡೆಯವನು, ರೋಮಿನಲ್ಲಿ ನೆಲೆಸಿದ್ದ, ಶಿಸ್ತಿನ ಮನುಷ್ಯ. ಅಗಸ್ಟೀನನ ಆತ್ಮಕತೆಯಲ್ಲಿ ಒಂದು ಪ್ರಾರ್ಥನೆ ಇದೆ, ನೀನು ಏನನ್ನ ಆಜ್ಞಾಪಿಸ್ತೀಯೋ ಅದನ್ನ ಕೊಡು, ಆಮೇಲೆ ಏನು ಬೇಕಾದ್ರೂ ಆಜ್ಞಾಪಿಸು ಅಂತ, ಅದನ್ನ ಯಾರೋ ಓದಿದ್ದು ಕೇಳಿ ಪೆಲಾಗಿಯನಿಗೆ ಮೈಯೆಲ್ಲ ಉರಿದೋಯ್ತು. ಇದು ಸೋಮಾರಿಗಳಿಗೆ ಕೊಟ್ಟ ಲೈಸೆನ್ಸು ಅಂತ ಅವನಿಗೆ ಅನ್ನಿಸ್ತು. ದೇವರು ನಮ್ಮ ಕೈಲಿ ಆಗದೇ ಇರೋದನ್ನ ಮಾಡು ಅಂತ ಹೇಳೋಷ್ಟು ಅವಿವೇಕಿನಾ, ನಮ್ಮನ್ನ ಮಾಡಿದವನಿಗೆ ನಮ್ಮ ಶಕ್ತಿ ಎಷ್ಟು ಅಂತ ಗೊತ್ತಿಲ್ವಾ ಅನ್ನೋದು ಅವನ ವಾದ. ಪೆಲಾಗಿಯನನ್ನ ಖಳನಾಯಕ ಮಾಡೋದು ಸುಲಭ, ಆದ್ರೆ ಅವನ ಸಿಟ್ಟಲ್ಲಿ ಅರ್ಥ ಇದೆ ಅಂತ ನನಗನ್ಸುತ್ತೆ, ಹೆಸರಿಗಷ್ಟೇ ಕ್ರೈಸ್ತರಾಗಿದ್ದ ಶ್ರೀಮಂತರ ಮಧ್ಯೆ ಬದುಕಿದವನು ಅವನು, ನಮ್ಮ ಕೈಲಿ ಆಗಲ್ಲ ಸ್ವಾಮಿ ಅನ್ನೋ ನೆಪ ಎಷ್ಟು ಸಲ ಕೇಳಿದ್ನೋ ಏನೋ. 410ರಲ್ಲಿ ಗೋಥರು ರೋಮ್ ಲೂಟಿ ಮಾಡಿದ ಹೊತ್ತಲ್ಲಿ ಆಫ್ರಿಕಾಕ್ಕೆ ಬಂದ, ಅಲ್ಲಿಂದ ಪ್ಯಾಲೆಸ್ಟೀನ್. 418ರಲ್ಲಿ ಕಾರ್ಥೇಜಿನ ಸಭೆ ಅವನ ಬೋಧನೆಯನ್ನ ಖಂಡಿಸ್ತು, 431ರಲ್ಲಿ ಎಫೆಸದ ಮಹಾಸಭೆನೂ ಆ ಕಡೆಯವರನ್ನ ಖಂಡಿಸ್ತು.

ಅಗಸ್ಟೀನ ಗೆದ್ದ ಅಂತ ಕತೆ ಮುಗೀಲಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾದ ಘಟನೆ ಆಮೇಲೆ ನಡೀತು, 426-27ರ ಹೊತ್ತಿಗೆ, ಉತ್ತರ ಆಫ್ರಿಕಾದ ಹಾಡ್ರುಮೇಟಂನಲ್ಲಿ, ಈಗಿನ ಟುನೀಶಿಯಾದ ಸೂಸ್ ಪಟ್ಟಣ. ಅಲ್ಲಿನ ಮಠದ ಒಬ್ಬ ಸನ್ಯಾಸಿ ಬೇರೆ ಊರಿಗೆ ಹೋದಾಗ ಅಗಸ್ಟೀನನ ಹಳೇ ಪತ್ರ ಒಂದು ಕೈಗೆ ಸಿಕ್ತು, ನಕಲು ಮಾಡಿ ಮಠಕ್ಕೆ ಕಳಿಸಿದ. ಓದಿದ್ದೇ ತಡ ಮಠದಲ್ಲಿ ಜಗಳ. ಕೆಲವರು ಹೇಳಿದ್ರು, ಎಲ್ಲಾ ದೇವರ ಕೃಪೆಯಿಂದಾನೇ ಆಗೋದಾದ್ರೆ ನಾವು ತಪ್ಪು ಮಾಡಿದಾಗ ಮಠದ ಹಿರಿಯರು ನಮಗೆ ಯಾಕೆ ಬೈಬೇಕು? ನಮಗೆ ಆ ಕೃಪೆ ಸಿಗಲಿ ಅಂತ ಸುಮ್ಮನೆ ಪ್ರಾರ್ಥನೆ ಮಾಡ್ಲಿ. ಎಂಥಾ ಪ್ರಶ್ನೆ ನೋಡಿ! ದೊಡ್ಡ ದೊಡ್ಡ ಪಂಡಿತರು ಸುತ್ತಿ ಬಳಸಿ ಹೇಳೋದನ್ನ ಬೈಸಿಕೊಂಡು ಬೇಸತ್ತ ಸನ್ಯಾಸಿಗಳು ಒಂದೇ ಮಾತಲ್ಲಿ ಕೇಳಿಬಿಟ್ರು. ಅಗಸ್ಟೀನ ಒಂದು ಪುಸ್ತಕ ಬರೆದ, ಅದು ಸಾಲದೆ ಬರೀ ಈ ಗದರಿಕೆಯ ವಿಷಯಕ್ಕೇ ಇನ್ನೊಂದು ಪುಸ್ತಕ ಬರೆದ. ಅವನ ಉತ್ತರ ಏನು ಅಂದ್ರೆ, ತಪ್ಪು ನಿಮ್ಮದೇ ಆದ್ದರಿಂದ ಬೈಗುಳನೂ ನಿಮಗೇ ಸಲ್ಲುತ್ತೆ, ಮತ್ತೆ ದೇವರು ಒಬ್ಬನನ್ನ ತಿರುಗಿಸೋದೇ ಆ ಬೈಗುಳದ ಮೂಲಕ ಆಗಬಹುದು, ಯಾರು ಆರಿಸಲ್ಪಟ್ಟವರು ಅಂತ ಹಿರಿಯರಿಗೆ ಗೊತ್ತಿಲ್ಲ, ಅದಕ್ಕೇ ಎಲ್ಲರಿಗೂ ಬುದ್ಧಿ ಹೇಳಬೇಕು, ಪ್ರೀತಿಯಿಂದ ಹೇಳಬೇಕು. ಮುಂದೆ ಪೂರ್ವನಿರ್ಧಾರ ಇದ್ರೆ ಸುವಾರ್ತೆ ಯಾಕೆ ಸಾರಬೇಕು ಅಂತ ಕೇಳಿದವರಿಗೆಲ್ಲ ಆ ಕಡೆಯವರು ಕೊಟ್ಟಿದ್ದು ಹೆಚ್ಚುಕಮ್ಮಿ ಇದೇ ಉತ್ತರ: ಗುರಿ ನಿಗದಿ ಮಾಡಿದವನು ದಾರೀನೂ ನಿಗದಿ ಮಾಡಿದಾನೆ.

ದಕ್ಷಿಣ ಗಾಲ್‌ನ ಸನ್ಯಾಸಿಗಳಿಗೆ, ಅಂದ್ರೆ ಈಗಿನ ಫ್ರಾನ್ಸಿನ ತೆಂಕಣ ಭಾಗದವರಿಗೆ, ಇದು ಒಪ್ಪಿಗೆ ಆಗಲಿಲ್ಲ. ಮಾರ್ಸೇಯ ಜಾನ್ ಕ್ಯಾಸಿಯನ್ ಮುಂತಾದವರು, ಕೃಪೆ ಬೇಕೇ ಬೇಕು, ಆದ್ರೆ ಕೆಲವು ಸಲ ಮೊದಲ ಹೆಜ್ಜೆ ನಮ್ಮಿಂದಾನೂ ಆಗಬಹುದು ಅಂದ್ರು. ನೂರು ವರ್ಷ ಎಳೆದಾಡಿ 529ರಲ್ಲಿ ಒರಾಂಜ್‌ನಲ್ಲಿ ಸೇರಿದ ಸಭೆ, ಮೊದಲ ಹೆಜ್ಜೆಯೂ ಕೃಪೆಯದ್ದೇ, ನಂಬಬೇಕು ಅನ್ನೋ ಆಸೆಯೂ ಕೃಪೆಯದ್ದೇ ಅಂತ ತೀರ್ಪು ಕೊಡ್ತು. ಅದೇ ಉಸಿರಲ್ಲಿ, ದೇವರು ಕೆಲವರನ್ನ ಕೆಟ್ಟದ್ದಕ್ಕೇ ಅಂತ ನೇಮಿಸಿದಾನೆ ಅನ್ನೋರು ಯಾರಾದ್ರೂ ಇದ್ರೆ ಅವರಿಗೆ ಶಾಪ ಅಂತಾನೂ ಬರೀತು. ಅಂದ್ರೆ ಅಗಸ್ಟೀನನ ಅರ್ಧ ಮಾತು ಇಟ್ಕೊಂಡು ಇನ್ನರ್ಧದ ಬಾಗಿಲು ಮುಚ್ಚಿದ್ರು. 9ನೇ ಶತಮಾನದಲ್ಲಿ ಗಾಟ್‌ಶಾಕ್ ಅನ್ನೋ ಸನ್ಯಾಸಿ ಆ ಬಾಗಿಲು ತೆರೆಯೋಕೆ ಹೋದ, ರಕ್ಷಣೆಗೂ ನೇಮಕ, ನಾಶಕ್ಕೂ ನೇಮಕ, ಎರಡೂ ಇದೆ ಅಂದ. 849ರಲ್ಲಿ ಅವನಿಗೆ ಚಾಟಿ ಏಟು ಹೊಡೆಸಿ, ಬರೆದಿದ್ದನ್ನೆಲ್ಲ ಅವನ ಕೈಯಾರೆ ಸುಡಿಸಿ, ಸಾಯೋವರೆಗೂ ಮಠದಲ್ಲಿ ಕೂಡಿಹಾಕಿದ್ರು. ಕೃಪೆಯ ಬಗ್ಗೆ ವಾದ ಮಾಡಿದೋರಿಗೆ ಕೃಪೆ ಕಮ್ಮಿನೇ ಸಿಕ್ಕಿದೆ ಇತಿಹಾಸದಲ್ಲಿ.

ಮಧ್ಯಯುಗ ಇಷ್ಟಕ್ಕೇ ಬಿಟ್ಟು 1524ಕ್ಕೆ ಹಾರ್ತೀನಿ. ಎರಾಸ್ಮಸ್ ಅನ್ನೋ ಡಚ್ ಪಂಡಿತ ಮತ್ತು ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಲೂಥರ್. ಲೂಥರನ ವಿರುದ್ಧ ಏನಾದ್ರೂ ಬರೀರಿ ಅಂತ ಎಲ್ಲಾ ಕಡೆಯಿಂದ ಒತ್ತಡ ಇತ್ತು ಎರಾಸ್ಮಸ್‌ಗೆ, ಪೋಪ್ ಬಗ್ಗೆನೋ ಇಂಡಲ್ಜೆನ್ಸ್ (ಪಾಪದ ಶಿಕ್ಷೆಗೆ ಚರ್ಚು ಕೊಡ್ತಿದ್ದ ಮಾಫಿ) ಬಗ್ಗೆನೋ ಬರೆದಿದ್ರೆ ಲೂಥರ್ ಕ್ಯಾರೇ ಅಂತಿರಲಿಲ್ಲ, ಆದ್ರೆ ಈತ ಆರಿಸಿಕೊಂಡಿದ್ದು ಇಚ್ಛಾಸ್ವಾತಂತ್ರ್ಯ. ಎರಾಸ್ಮಸ್ ಕೊಡೋ ಚಿತ್ರ ಒಂದಿದೆ: ಇನ್ನೂ ಸರಿಯಾಗಿ ನಡೆಯೋಕೆ ಬರದ ಮಗು ಬಿದ್ದಿದೆ, ಅಪ್ಪ ಎತ್ತಿ ನಿಲ್ಲಿಸ್ತಾನೆ, ದೂರದಲ್ಲಿ ಒಂದು ಸೇಬು ತೋರಿಸ್ತಾನೆ, ಕೈ ಹಿಡಿದು ನಡೆಸ್ತಾನೆ, ಕೊನೆಗೆ ಸೇಬನ್ನ ಮಗುವಿನ ಕೈಲಿ ಇಡ್ತಾನೆ. ಮಗು ತನ್ನಷ್ಟಕ್ಕೆ ತಾನು ಮಾಡಿದ್ದು ಅಂತ ಹೇಳಿದ್ರೆ ಬಹಳ ಕಮ್ಮಿ, ಆದ್ರೆ ಏನೂ ಇಲ್ಲ ಅಂತಲ್ಲ. ಇದರ ಜೊತೆಗೆ, ಈ ವಿಷಯದಲ್ಲಿ ಬೈಬಲ್ಲೇ ಅಷ್ಟು ಸ್ಪಷ್ಟ ಇಲ್ಲ, ಹಾಗಾಗಿ ಇದನ್ನ ಬೀದಿಗೆ ತಂದು ಕಿತ್ತಾಡೋದು ಬೇಡ ಅಂತಾನೂ ಸೇರಿಸ್ತಾನೆ.

ಮುಂದಿನ ವರ್ಷ ಲೂಥರನ ಉತ್ತರ ಬಂತು, ಎರಾಸ್ಮಸ್ ಪುಸ್ತಕಕ್ಕಿಂತ ಎಷ್ಟೋ ಪಟ್ಟು ದಪ್ಪ, ಬೈಗುಳಾನೂ ಅಷ್ಟೇ ಪಟ್ಟು. ಆದ್ರೆ ಕೊನೇಲಿ ಒಂದು ಮೆಚ್ಚುಗೆ ಇದೆ, ಬಾಕಿಯೋರೆಲ್ಲ ಚಿಲ್ಲರೆ ವಿಷಯ ಹಿಡ್ಕೊಂಡು ನನ್ನ ತಲೆ ತಿಂದ್ರು, ನೀನೊಬ್ಬನೇ ನೇರ ಕುತ್ತಿಗೆಗೆ ಕೈ ಹಾಕಿದೆ ಅಂತ. ಲೂಥರ್ ಪ್ರಕಾರ ಮನುಷ್ಯನ ಇಚ್ಛೆ ಅಂದ್ರೆ ಸವಾರಿಯ ಪ್ರಾಣಿ, ದೇವರು ಹತ್ತಿದ್ರೆ ದೇವರ ಕಡೆ, ಸೈತಾನ ಹತ್ತಿದ್ರೆ ಅವನ ಕಡೆ, ಯಾರು ಹತ್ತಬೇಕು ಅಂತ ಆರಿಸೋ ಅಧಿಕಾರ ಆ ಪ್ರಾಣಿಗಿಲ್ಲ. ಈ ಹೋಲಿಕೆ ಎಲ್ಲರಿಗೂ ಗೊತ್ತು. ಅಷ್ಟು ಜನ ಗಮನಿಸದೇ ಇರೋದು ಪುಸ್ತಕದ ಕೊನೆಯ ಭಾಗ. ಅಲ್ಲಿ ಲೂಥರ್ ಹೇಳ್ತಾನೆ, ಇಚ್ಛಾಸ್ವಾತಂತ್ರ್ಯ ಕೊಡ್ತೀನಿ ಅಂದ್ರೂ ನಂಗೆ ಬೇಡ. ಯಾಕಂದ್ರೆ ನನ್ನ ರಕ್ಷಣೆ ನನ್ನ ಕೈಲಿದ್ರೆ ಎಷ್ಟು ವರ್ಷ ಬದುಕಿದ್ರೂ, ಎಷ್ಟು ಮಾಡಿದ್ರೂ, ಇಷ್ಟು ಸಾಕಾ ದೇವರಿಗೆ ಅನ್ನೋ ಅನುಮಾನ ನನ್ನನ್ನ ಬಿಡಲ್ಲ. ಮಠದಲ್ಲಿದ್ದಾಗ ಇದೇ ಅನುಮಾನ ಅವನನ್ನ ಜೀವಂತ ಸುಟ್ಟಿತ್ತು. ಕೆಲವರಿಗೆ ಉಸಿರು ಕಟ್ಟಿಸೋ ಈ ಸಿದ್ಧಾಂತ ಲೂಥರನಿಗೆ ಉಸಿರಾಡೋಕೆ ಜಾಗ ಮಾಡಿಕೊಡ್ತು. ಇದನ್ನ ಅರ್ಥ ಮಾಡ್ಕೊಳ್ಳದೆ ಪೂರ್ವನಿರ್ಧಾರದವರನ್ನ ಕ್ರೂರಿಗಳು ಅಂದ್ರೆ ಅವರ ಅರ್ಧ ಮಾತು ಮಾತ್ರ ಕೇಳಿದಂಗೆ.

ಆದ್ರೆ ಲೂಥರನ ಹಿಂದೆ ಬಂದವರು ಒಂದು ವಿಚಿತ್ರ ಕೆಲಸ ಮಾಡಿದ್ರು. 1577ರ ಒಪ್ಪಂದ ಸೂತ್ರ ಅನ್ನೋ ತಮ್ಮ ವಿಶ್ವಾಸದ ಪತ್ರದಲ್ಲಿ ಅವರು ಬರೆದಿದ್ದು, ರಕ್ಷಣೆ ಆದ್ರೆ ಅದು ನೂರಕ್ಕೆ ನೂರು ದೇವರ ಕೆಲಸ, ಯಾರಾದ್ರೂ ನಾಶ ಆದ್ರೆ ಅದು ನೂರಕ್ಕೆ ನೂರು ಅವರದೇ ತಪ್ಪು. ಸರಿ, ಹಂಗಾದ್ರೆ ಆ ಬೆಂಚಿನ ಇಬ್ಬರಲ್ಲಿ ಇವನೇ ಯಾಕೆ, ಅವನು ಯಾಕಲ್ಲ? ಅದನ್ನ ಕೇಳಬೇಡಿ, ದೇವರು ತಿಳಿಸಿಲ್ಲ, ನಾವೂ ಹೇಳಲ್ಲ. ತರ್ಕದ ಮೇಷ್ಟ್ರು ಯಾರಾದ್ರೂ ಇದ್ರೆ ಸೊನ್ನೆ ಮಾರ್ಕ್ಸ್ ಕೊಡ್ತಾರೆ ಈ ಉತ್ತರಕ್ಕೆ. ನಾನಂತೂ ಕೊಡಲ್ಲ, ಯಾಕಂದ್ರೆ ನನ್ನ ಅನಿಸಿಕೆ ಏನಂದ್ರೆ ಈ ವಿಷಯದಲ್ಲಿ ಪ್ರತಿಯೊಬ್ಬರೂ ಯಾವುದೋ ಒಂದು ಜಾಗದಲ್ಲಿ ಗೊತ್ತಿಲ್ಲ ಅನ್ನಲೇಬೇಕಾಗುತ್ತೆ, ಎಲ್ಲಿ ನಿಂತು ಅಂತಾರೆ ಅನ್ನೋದ್ರಲ್ಲೇ ಅವರವರ ವ್ಯತ್ಯಾಸ. ಕಾಲ್ವಿನ್ ದೇವರ ಸಂಕಲ್ಪದ ಹತ್ರ ಬಂದು ಅಂತಾನೆ. ಆರ್ಮಿನಿಯಸ್ ಅನ್ನೋ ಡಚ್ ಪಂಡಿತನ ಕಡೆಯವರು (ಅವನ ಕತೆ ಮುಂದೆ ಬರುತ್ತೆ) ಮನುಷ್ಯನ ಇಚ್ಛೆಯ ಹತ್ರ ಬಂದು ಅಂತಾರೆ, ಒಂದೇ ಕೃಪೆ ಸಿಕ್ಕ ಇಬ್ಬರಲ್ಲಿ ಒಬ್ಬ ಹೂಂ ಅಂದು ಇನ್ನೊಬ್ಬ ಊಹೂಂ ಅಂದಿದ್ದಕ್ಕೆ ಕಾರಣ ಏನು ಅಂದ್ರೆ, ಅವನು ಹಂಗೆ ಆರಿಸಿಕೊಂಡ, ಅಷ್ಟೇ. ಅದರ ಹಿಂದೆ ಇನ್ನೊಂದು ಕಾರಣ ಇಲ್ಲ. ಲೂಥರನ್ನರು ಪ್ರಶ್ನೆಯ ಬಾಗಿಲಲ್ಲೇ ನಿಂತು ಅಂದ್ಬಿಟ್ರು, ಒಳಗೆ ಹೋಗೋ ನಾಟಕ ಮಾಡಲಿಲ್ಲ.

ಕಾಲ್ವಿನ್ ಬಗ್ಗೆ ಎರಡು ಮಾತು. ಅವನ ಮುಖ್ಯ ಪುಸ್ತಕದ ಮೊದಲ ಆವೃತ್ತಿ 1536, ಕೊನೆಯ ಆವೃತ್ತಿ 1559, ಆ ಕೊನೆಯದರಲ್ಲಿ ಪೂರ್ವನಿರ್ಧಾರ ಬರೋದು ದೇವರ ಬಗ್ಗೆ ಹೇಳೋ ಆರಂಭದಲ್ಲಲ್ಲ, ನಂಬಿಕೆ, ಪಶ್ಚಾತ್ತಾಪ, ಪ್ರಾರ್ಥನೆ ಎಲ್ಲಾ ಆದ ಮೇಲೆ ಮೂರನೇ ಭಾಗದ ಕೊನೇ ಹತ್ರ. ನಂಬಿದವನು ಹಿಂದೆ ತಿರುಗಿ ನೋಡಿ, ಓ ಇದು ನನ್ನಿಂದ ಆಗಿದ್ದಲ್ಲ ಅಂತ ಹೇಳೋ ಮಾತು ಅದು, ಹೊರಗೆ ನಿಂತವನ ಮುಖಕ್ಕೆ ಬಾಗಿಲು ಬಡಿಯೋ ಮಾತಲ್ಲ. ಹಂಗಂತ ಕಹಿ ಗುಳಿಗೆಗೆ ಅವನು ಸಕ್ಕರೆ ಸವರಲಿಲ್ಲ, ನಾಶಕ್ಕೂ ನೇಮಕ ಇದೆ ಅಂತಾನೇ ಹೇಳಿದ, ಇದು ನಡುಕ ಹುಟ್ಟಿಸೋ ತೀರ್ಮಾನ ಅಂತ ತಾನೇ ಒಪ್ಕೊಂಡ. 1551ರಲ್ಲಿ ಬೋಲ್ಸೆಕ್ ಅನ್ನೋ ವೈದ್ಯ ಜಿನೀವಾದಲ್ಲಿ ಎದ್ದು ನಿಂತು, ಹಂಗಾದ್ರೆ ಪಾಪಕ್ಕೆ ದೇವರೇ ಕಾರಣ ಆಗ್ತಾನಲ್ಲ ಅಂದ. ಅವನನ್ನ ಹಿಡಿದು ಜೈಲಿಗೆ ಹಾಕಿ ಕೊನೆಗೆ ಗಡೀಪಾರು ಮಾಡಿದ್ರು. ಅಭಿಪ್ರಾಯ ಕೇಳಿ ಬೇರೆ ಸ್ವಿಸ್ ನಗರಗಳಿಗೆ ಪತ್ರ ಹಾಕಿದಾಗ ಕಾಲ್ವಿನ್ ನಿರೀಕ್ಷೆ ಮಾಡಿದಷ್ಟು ಬೆಂಬಲ ಬರಲಿಲ್ಲ, ಪಕ್ಕದ ಪ್ರಾಟೆಸ್ಟೆಂಟರಿಗೇ ಇದು ಪೂರ್ತಿ ಗಂಟಲಲ್ಲಿ ಇಳಿದಿರಲಿಲ್ಲ.

ಕಥೋಲಿಕರ ಕಡೆ 1547ರಲ್ಲಿ ಟ್ರೆಂಟ್ ಮಹಾಸಭೆ ಎರಡೂ ಕಡೆ ಬೇಲಿ ಹಾಕ್ತು. ಕೃಪೆ ಇಲ್ಲದೆ ಬರೀ ನನ್ನ ಸತ್ಕಾರ್ಯದಿಂದ ನೀತಿವಂತ ಆಗ್ತೀನಿ ಅನ್ನೋನಿಗೂ ಶಾಪ, ದೇವರು ಎಬ್ಬಿಸಿದಾಗ ಮನುಷ್ಯನ ಇಚ್ಛೆ ಸಹಕರಿಸೋದೇ ಇಲ್ಲ, ನಿರ್ಜೀವ ವಸ್ತು ತರ ಬಿದ್ದಿರುತ್ತೆ ಅನ್ನೋನಿಗೂ ಶಾಪ. ಬೇಲಿ ಹಾಕಿದ್ರು ಸರಿ, ಒಳಗಡೆ ಜಾಗ ಬಹಳ ಇತ್ತು, ಅಲ್ಲಿ ಡೊಮಿನಿಕನ್ನರು, ಜೆಸ್ವಿಟರು ಅನ್ನೋ ಎರಡು ಕಥೋಲಿಕ ಸನ್ಯಾಸಿ ಪಂಗಡದವರು ಕಾಲ್ಕೆರೆದು ನಿಂತ್ರು. 1588ರಲ್ಲಿ ಮೊಲಿನಾ ಅನ್ನೋ ಸ್ಪ್ಯಾನಿಷ್ ಜೆಸ್ವಿಟ್ ಒಂದು ಜಾಣ ದಾರಿ ಹುಡುಕಿದ: ಯಾರು ಯಾವ ಪರಿಸ್ಥಿತೀಲಿ ಇದ್ರೆ ಸ್ವತಂತ್ರವಾಗಿ ಏನು ಆರಿಸ್ಕೊಳ್ತಾರೆ ಅಂತ ದೇವರಿಗೆ ಲೋಕ ಸೃಷ್ಟಿ ಮಾಡೋ ತೀರ್ಮಾನಕ್ಕೂ ಮುಂಚೆ ಗೊತ್ತು, ಅದನ್ನ ನೋಡ್ಕೊಂಡು ಯಾವ ಲೋಕ ಸೃಷ್ಟಿ ಮಾಡಬೇಕು ಅಂತ ತೀರ್ಮಾನ ಮಾಡ್ತಾನೆ. ಬೈಬಲಲ್ಲೂ ಇದಕ್ಕೆ ಆಧಾರ ತೋರಿಸ್ತಾರೆ, ಸಮುವೇಲನ ಮೊದಲ ಪುಸ್ತಕದಲ್ಲಿ ದಾವೀದ ಕೆಯೀಲಾ ಊರಲ್ಲಿರ್ತಾನೆ, ರಾಜ ಸೌಲ ಅವನನ್ನ ಕೊಲ್ಲೋಕೆ ಹುಡುಕ್ತಿರ್ತಾನೆ, ನಾನಿಲ್ಲೇ ಇದ್ರೆ ಸೌಲ ಬರ್ತಾನಾ, ಊರವರು ನನ್ನ ಹಿಡಿದು ಕೊಡ್ತಾರಾ ಅಂತ ದೇವರನ್ನ ಕೇಳ್ತಾನೆ, ಬರ್ತಾನೆ, ಕೊಡ್ತಾರೆ ಅಂತ ಉತ್ತರ ಸಿಗುತ್ತೆ, ದಾವೀದ ಊರು ಬಿಡ್ತಾನೆ, ಸೌಲ ಬರೋದೂ ಇಲ್ಲ ಅವರು ಹಿಡಿದು ಕೊಡೋದೂ ಇಲ್ಲ. ನಡೆಯದೇ ಹೋಗಿದ್ದೂ ದೇವರಿಗೆ ಗೊತ್ತಿತ್ತು. ತುಂಬ ಚೆಂದದ ವಾದ, ಆದ್ರೆ ನಮ್ಮ ಬೆಂಚಿನ ಹತ್ರ ತಂದ್ರೆ ಪ್ರಶ್ನೆ ಒಂದು ಹೆಜ್ಜೆ ಹಿಂದಕ್ಕೆ ಸರೀತು ಅಷ್ಟೇ, ಇವನು ಹೂಂ ಅನ್ನೋ ಲೋಕಾನೇ ಯಾಕೆ ಸೃಷ್ಟಿ ಮಾಡಿದ, ಅವನು ಹೂಂ ಅನ್ನೋ ಲೋಕ ಯಾಕಲ್ಲ?

ಡೊಮಿನಿಕನ್ನರ ಕಡೆಯಿಂದ ಬಾನ್ಯೆಸ್ ಅನ್ನೋ ಪಂಡಿತ ಮೊಲಿನಾ ಮೇಲೆ ಬಿದ್ದ, ವಿಷಯ ರೋಮಿಗೆ ಹೋಯ್ತು, ವರ್ಷಗಟ್ಲೆ ವಿಚಾರಣೆ ನಡೀತು, 1607ರಲ್ಲಿ ಐದನೇ ಪೌಲ್ ಪೋಪ್ ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ಹಂಗೆ, ಇಬ್ಬರೂ ನಿಮ್ಮ ನಿಮ್ಮ ವಾದ ಇಟ್ಕೊಳ್ಳಿ, ಒಬ್ಬರನ್ನೊಬ್ಬರು ಪಾಷಂಡಿ ಅನ್ನಬೇಡಿ, ಸೂಕ್ತ ಕಾಲದಲ್ಲಿ ತೀರ್ಪು ಕೊಡ್ತೀವಿ ಅಂದ್ರು. ಆ ಸೂಕ್ತ ಕಾಲ ಇನ್ನೂ ಬಂದಿಲ್ಲ.

ಹಾಲೆಂಡಿನ ಕತೆ ರಕ್ತದ್ದು. ಲೈಡನ್‌ನಲ್ಲಿ ಪಾಠ ಹೇಳ್ತಿದ್ದ ಆರ್ಮಿನಿಯಸ್ 1609ರಲ್ಲಿ ತೀರಿಕೊಂಡ, ಮರುವರ್ಷ ಅವನ ಕಡೆಯವರು ಐದು ಅಂಶದ ಒಂದು ಮನವಿ ಬರೆದ್ರು. ಇಲ್ಲಿ ಜನ ಒಂದು ವಿಷಯ ಮರೀತಾರೆ, ಆರ್ಮಿನಿಯಸ್ ಪೆಲಾಗಿಯನ ತಮ್ಮ ಅಲ್ಲ. ಮನುಷ್ಯ ತನ್ನಷ್ಟಕ್ಕೆ ತಾನು ದೇವರ ಕಡೆ ತಿರುಗೋಕಾಗಲ್ಲ, ಕೃಪೆಯೇ ಮೊದಲು ಬರಬೇಕು ಅಂತ ಅವನೂ ಒಪ್ತಾನೆ. ತಕರಾರು ಇರೋದು, ಬಂದ ಕೃಪೆಯನ್ನ ಬೇಡ ಅಂತ ತಳ್ಳೋಕೆ ಮನುಷ್ಯನಿಗೆ ಆಗುತ್ತಾ ಇಲ್ವಾ ಅನ್ನೋದ್ರಲ್ಲಿ. ಆಗುತ್ತೆ ಅಂದ ಇವನು. ದೇವರು ಆರಿಸೋದು ಯಾರು ನಂಬ್ತಾರೆ ಅಂತ ಮುಂಚೆನೇ ಕಂಡು. 1618ರ ನವೆಂಬರಿಂದ 1619ರ ಮೇವರೆಗೆ ಡೋರ್ಟ್‌ನಲ್ಲಿ ಸಭೆ ಸೇರಿತು, ಹೊರದೇಶದ ಪ್ರತಿನಿಧಿಗಳೂ ಬಂದಿದ್ರು, ಜನವರೀಲೇ ಆರ್ಮಿನಿಯಸ್ ಕಡೆಯವರನ್ನ ಆಚೆ ಕಳಿಸಿ ಆಯ್ತು, ಕೊನೆಗೆ ಅವರ ಐದಕ್ಕೂ ಎದುರು ಉತ್ತರ ಬರೆದ್ರು, ಸುಮಾರು 200 ಸಭಾಪಾಲಕರು ಕೆಲಸ ಕಳ್ಕೊಂಡ್ರು. ಹಿಂದೆ ರಾಜಕೀಯ ಇತ್ತು, ಮಾರಿಸ್ ರಾಜಕುಮಾರನಿಗೂ ಆರ್ಮಿನಿಯಸ್ ಕಡೆಯವರ ಬೆನ್ನಿಗಿದ್ದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ಗೂ ಆಗ್ತಿರಲಿಲ್ಲ, ಸಭೆ ಮುಗಿಯೋ ಅದೇ ಮೇ ತಿಂಗಳಲ್ಲಿ 71 ವರ್ಷದ ಆ ಮುದುಕನ ತಲೆ ಹೇಗ್ ನಗರದಲ್ಲಿ ತೆಗೆದ್ರು. ಜೊತೆಗಿದ್ದ ಗ್ರೋಶಿಯಸ್‌ಗೆ ಜೀವಾವಧಿ ಆಯ್ತು, ಎರಡು ವರ್ಷ ಆದ ಮೇಲೆ ಹೆಂಡತಿ ಮಾಡಿದ ಉಪಾಯದಿಂದ ಪುಸ್ತಕದ ಪೆಟ್ಟಿಗೇಲಿ ಕೂತು ತಪ್ಪಿಸ್ಕೊಂಡ. (ಅಂತರರಾಷ್ಟ್ರೀಯ ಕಾನೂನಿನ ಪಿತಾಮಹ ಅಂತಾರಲ್ಲ, ಆತನೇ.)

ಪೂರ್ವದ ಆರ್ಥಡಾಕ್ಸ್ ಸಭೆಗಳಿಗೆ ಈ ಗಲಾಟೆಯೆಲ್ಲ ಪಡುವಣದವರ ತಲೆನೋವು ಅನ್ಸಿದೆ, ಕೃಪೆಯೂ ಇಚ್ಛೆಯೂ ಒಟ್ಟಿಗೆ ಕೆಲಸ ಮಾಡ್ತಾವೆ ಅಂತ ಅವರು ಮೊದಲಿಂದ ಹೇಳಿದ್ದು, 1672ರ ಯೆರೂಸಲೇಮ್ ಸಭೇಲಿ ಕಾಲ್ವಿನ್ ಧಾಟಿಯ ಬೋಧನೆಯನ್ನ ಅಧಿಕೃತವಾಗಿ ತಳ್ಳಿಹಾಕಿದ್ರು. ಇಂಗ್ಲೆಂಡಲ್ಲಿ ವೆಸ್ಲಿ ಮತ್ತು ವೈಟ್‌ಫೀಲ್ಡ್ ಜೊತೆಯಲ್ಲೇ ಬಯಲಲ್ಲಿ ಪ್ರಸಂಗ ಮಾಡ್ತಿದ್ದ ಗೆಳೆಯರು. 1739ರಲ್ಲಿ ವೆಸ್ಲಿ ಪೂರ್ವನಿರ್ಧಾರದ ವಿರುದ್ಧ ಒಂದು ಬೆಂಕಿ ಪ್ರಸಂಗ ಮಾಡಿ ಅಚ್ಚು ಹಾಕಿಸಿದ, ಇದು ದೇವರನ್ನ ಸೈತಾನನಿಗಿಂತ ಕೀಳು ಮಾಡುತ್ತೆ ಅನ್ನೋವರೆಗೂ ಹೋದ, ವೈಟ್‌ಫೀಲ್ಡ್ ಬಹಿರಂಗ ಪತ್ರದಲ್ಲಿ ಉತ್ತರ ಕೊಟ್ಟ, ಇಬ್ಬರ ದಾರಿ ಬೇರೆ ಆಯ್ತು. ಆದ್ರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಲ್ಲಿ ಸ್ಮರಣೆಯ ಪ್ರಸಂಗ ಮಾಡಿದ್ದು ಇದೇ ವೆಸ್ಲಿ. ಇಬ್ಬರ ಪ್ರಸಂಗ ಕೇಳಿ ಅತ್ತು ನಂಬಿದ ಗಣಿ ಕೂಲಿಗಳಿಗೆ ಯಾರ ಸಿದ್ಧಾಂತ ಯಾವುದು ಅಂತ ಗೊತ್ತಿತ್ತೋ ಇಲ್ವೋ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು ಇಲ್ಲಿ ಬರೀತೀನಿ. ಒಬ್ಬರು ಕೇಳಿದ್ರು, ದೇವರಿಗೆ ಮೊದಲೇ ಗೊತ್ತು ಅಂದ ಮಾತ್ರಕ್ಕೆ ಅದು ಆಗಲೇಬೇಕು ಅಂತಾಗಲ್ವಾ? 6ನೇ ಶತಮಾನದಲ್ಲಿ ಮರಣದಂಡನೆ ಕಾಯ್ತಾ ಜೈಲಲ್ಲಿ ಕೂತಿದ್ದ ಬೋಯಿಥಿಯಸ್ ಅನ್ನೋ ರೋಮನ್ ತತ್ವಜ್ಞಾನಿ ಇದಕ್ಕೆ ಉತ್ತರ ಬರೆದಿದಾನೆ. ದೇವರಿಗೆ ನಿನ್ನೆ ನಾಳೆ ಇಲ್ಲ, ಎಲ್ಲಾ ಕಾಲಾನೂ ಈಗ ನಡೀತಿರೋ ಹಂಗೆ ಕಾಣುತ್ತೆ, ಒಬ್ಬ ನಡೀತಿರೋದನ್ನ ನೀವು ನೋಡಿದ್ರೆ ನೀವು ಅವನನ್ನ ನಡೆಸಿದಂಗೆ ಆಗಲ್ಲವಲ್ಲ. ಗೊತ್ತಿರೋದು ಬೇರೆ, ಮಾಡಿಸೋದು ಬೇರೆ. ಇದು ಆ ಪ್ರಶ್ನೆಗೆ ಒಳ್ಳೇ ಉತ್ತರ, ಆದ್ರೆ ಕಾಲ್ವಿನ್ ಇದರಿಂದ ಅಲ್ಲಾಡಲ್ಲ, ಯಾಕಂದ್ರೆ ಅವನು ಹೇಳ್ತಿರೋದು ದೇವರಿಗೆ ಗೊತ್ತಿತ್ತು ಅಂತಲ್ಲ, ದೇವರು ತೀರ್ಮಾನ ಮಾಡಿದ ಅಂತ.

ಇನ್ನೊಬ್ಬರು ಸ್ವಲ್ಪ ಹಿಂಜರೀತಾ ಕೇಳಿದ್ರು, ಇದೆಲ್ಲ ಸರಿ ಸಾರ್, ನಾನು ಆರಿಸಲ್ಪಟ್ಟಿದೀನಾ ಇಲ್ವಾ ಅಂತ ನಂಗೆ ಗೊತ್ತಾಗೋದು ಹೆಂಗೆ? ಟ್ರೆಂಟ್ ಸಭೆಯ ಉತ್ತರ, ದೇವರು ವಿಶೇಷವಾಗಿ ತಿಳಿಸದ ಹೊರತು ಖಚಿತವಾಗಿ ಗೊತ್ತಾಗಲ್ಲ, ಭರವಸೆ ಇಟ್ಕೊಂಡು ನಡೀರಿ. ಲೂಥರ್ ಆಗಿದ್ರೆ, ನಿನಗೆ ದೀಕ್ಷಾಸ್ನಾನ ಆಗಿದೆ ತಾನೇ, ಅದನ್ನ ಹಿಡ್ಕೋ ಅಂತಿದ್ದ. ಕಾಲ್ವಿನ್, ನಿನ್ನೊಳಗೆ ಹುಡುಕಬೇಡ, ದೇವರ ಗುಟ್ಟಿನ ಪುಸ್ತಕಾನೂ ಇಣುಕಬೇಡ, ಆಯ್ಕೆಯ ಕನ್ನಡಿ ಅಂದ್ರೆ ಕ್ರಿಸ್ತ, ಅವನನ್ನ ನೋಡು ಅಂತಾನೆ. ಅವನ ನಂತರ ಬಂದ, ಅವನದೇ ದಾರಿ ಹಿಡಿದ ಇಂಗ್ಲಿಷ್ ಪ್ಯೂರಿಟನ್ನರಿಗೆ ಅಷ್ಟರಲ್ಲಿ ಸಮಾಧಾನ ಆಗಲಿಲ್ಲ, ತಮ್ಮ ಬದುಕಲ್ಲೇ ಗುರುತು ಹುಡುಕ್ತಾ ಡೈರಿ ಬರೀತಾ ಕೂತ್ರು, ಇದೇ ಆತಂಕದಿಂದ ಅವರ ಕೆಲಸದ ಶಿಸ್ತು ಬಂತು, ಅದು ಬಂಡವಾಳಶಾಹಿಗೆ ದಾರಿ ಮಾಡ್ತು ಅಂತ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ವಾದ ಮಾಡಿದ್ದು, ಅದರ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಇಚ್ಛಾಸ್ವಾತಂತ್ರ್ಯದ ಕಡೆ ಹೋದ್ರೆ ಆತಂಕ ಹೋಗುತ್ತೆ ಅಂತೇನಿಲ್ಲ, ವೆಸ್ಲಿ ಪ್ರಕಾರ ಈಗ ನೀನು ದೇವರ ಮಗು ಅಂತ ಪವಿತ್ರಾತ್ಮ ಒಳಗಿಂದ ಸಾಕ್ಷಿ ಹೇಳ್ತಾನೆ, ಆದ್ರೆ ನಾಳೆ ನೀನು ಕೈಬಿಟ್ಟು ಬಿದ್ದೋಗೋಕೂ ಸಾಧ್ಯ ಇದೆ. ಅಲ್ಲಿ ನಾನು ಆರಿಸಲ್ಪಟ್ಟಿದೀನಾ ಅನ್ನೋ ಭಯ, ಇಲ್ಲಿ ಕೊನೇವರೆಗೂ ಹಿಡ್ಕೊಂಡಿರ್ತೀನಾ ಅನ್ನೋ ಭಯ.

ಅವರಿಗೆ ನಾನು ಕೊನೇಲಿ ಹೇಳಿದ್ದು 1640ರ ದಶಕದಲ್ಲಿ ಬರೆದ ವೆಸ್ಟ್‌ಮಿನ್ಸ್ಟರ್ ವಿಶ್ವಾಸ ನಿರೂಪಣೆ ಬಗ್ಗೆ. ಕಾಲ್ವಿನ್ ಪಂಥದ ಕಟ್ಟುನಿಟ್ಟಿನ ಪತ್ರ ಅದು, ಮೂರನೇ ಅಧ್ಯಾಯದಲ್ಲಿ ದೇವರ ಶಾಶ್ವತ ತೀರ್ಮಾನದ ಬಗ್ಗೆ ಒಂದಕ್ಷರ ಸಡಿಲ ಬಿಡದೆ ಬರೆದಿದಾರೆ. ಹದಿನೆಂಟನೇ ಅಧ್ಯಾಯಕ್ಕೆ ಬಂದ್ರೆ ಧಾಟಿನೇ ಬೇರೆ, ನಿಜವಾಗಿ ನಂಬಿದವನಿಗೂ ಈ ನಿಶ್ಚಯ ಸಿಗೋಕೆ ಬಹಳ ಕಾಲ ಕಾಯಬೇಕಾಗಬಹುದು, ಸಿಕ್ಕಿದ್ದು ಅಲ್ಲಾಡಬಹುದು, ಕಮ್ಮಿ ಆಗಬಹುದು, ಆದ್ರೂ ಅವನು ನಂಬಿದವನೇ ಅಂತಿದೆ. ಅಷ್ಟು ಬಿಗಿಯಾದ ಪಂಡಿತರು ಆ ಅಧ್ಯಾಯ ಸೇರಿಸಿದಾರೆ ಅಂದ್ರೆ, ನೀವು ಈಗ ಕೇಳಿದ ಪ್ರಶ್ನೇನ ಅವರ ಸಭೆಗಳಲ್ಲೂ ಯಾರೋ ಎದ್ದು ಕೇಳ್ತಾನೇ ಇದ್ರು ಅಂತ ಲೆಕ್ಕ.